ನನಗಿಂತ ಹದಿನೈದು ವರ್ಷ ದೊಡ್ಡ ತಂಗಿ

ನನ್ನ ತಂಗಿ ಲುವಾ ನನಗಿಂತ ಹದಿನೈದು ವರ್ಷ ದೊಡ್ಡವಳು. ಪಟ್ಟಣದವರಿಗೆ ಹೀಗೆಂದರೆ ನನ್ನ ಮುಖವನ್ನೇ ನೋಡುತ್ತಾರೆ. ನಮ್ಮೂರಲ್ಲಿ ಯಾರೂ ನೋಡುವುದಿಲ್ಲ. ನನ್ನಪ್ಪ ಹಿರಿಯ ಮಗ, ಅವಳಪ್ಪ ಕಿರಿಯ ಮಗ. ಆದ್ದರಿಂದ ನಾನು ಅಕ್ಕ, ಅವಳು ತಂಗಿ. ಯಾರು ಯಾವ ವರ್ಷ ಹುಟ್ಟಿದರು ಎಂದು ಕೇಳುವವರೇ ಇಲ್ಲ. ಅಪ್ಪ ಯುದ್ಧಕ್ಕೆ ಹೋದವನು ತಲೆ ನರೆಯುವ ಹೊತ್ತಿಗೆ ಊರಿಗೆ ಮರಳಿ ಮದುವೆಯಾದ. ಅಷ್ಟರಲ್ಲಿ ದೊವಾನ್ ಚಿಕ್ಕಪ್ಪನ ಮಗಳು ಲುವಾ ಗದ್ದೆಗಿಳಿದು ನಾಟಿ ಮಾಡುವಷ್ಟು ಬೆಳೆದಿದ್ದಳು. ನಾನು ಹುಟ್ಟಿದ ದಿನ ಆ ಹುಡುಗಿ ನನ್ನನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಅಂಗಳಕ್ಕೆ ಬಂದು, "ಅಕ್ಕ ಬಂದ್ಳು, ದಾರಿ ಬಿಡಿ" ಎಂದಳಂತೆ. ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ನನಗೆ ಮೂರು ತುಂಬುವ ಮೊದಲೇ ಅಮ್ಮ ಜ್ವರದಲ್ಲಿ ಹೋದಳು. ಅಪ್ಪ ನದಿಯ ಏರಿ ಕಟ್ಟುವ ಕೆಲಸಕ್ಕೆ ಹೋದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಎರಡೂ ಮನೆಗಳದ್ದು ಒಂದೇ ಅಂಗಳ, ಒಂದೇ ಮಳೆನೀರಿನ ತೊಟ್ಟಿ. ಹಾಗಾಗಿ ನಾನು ಬೆಳೆದದ್ದು ಲುವಾಳ ಸೊಂಟದ ಮೇಲೆ. ಅವಳು ನನಗೆ ಉಣ್ಣಿಸುತ್ತಿದ್ದಳು, ಹೇನು ಹೆಕ್ಕುತ್ತಿದ್ದಳು, ಚಡ್ಡಿ ಒದ್ದೆ ಮಾಡಿಕೊಂಡರೆ ತೊಳೆಯುತ್ತಿದ್ದಳು. ಇಷ್ಟನ್ನೂ ಮಾಡುವಾಗ ಬಾಯಲ್ಲಿ ಮಾತ್ರ ಅಕ್ಕ, ಅಕ್ಕ. "ಅಕ್ಕ, ಮೂಗು ಸೀಟು. ಅಕ್ಕ, ಕೊಳದ ಹತ್ರ ಹೋದ್ರೆ ಕಾಲು ಮುರೀತೀನಿ." ನಾನೋ, ಅವಳನ್ನು ಹೆಸರು ಹಿಡಿದು ಕೂಗುತ್ತಿದ್ದೆ. ಹಾಗೆ ಕೂಗುವುದೇ ಸರಿ ಎಂದು ನಮ್ಮ ಮನೆತನದ ಹಿರಿಯ, ಅಪ್ಪನ ದಾಯಾದಿ ಅಣ್ಣ ಖಾಂಗ್ ದೊಡ್ಡಪ್ಪ ನನಗೆ ಮಾತು ಬಂದಾಗಲೇ ಹೇಳಿಕೊಟ್ಟಿದ್ದರು. ಒಂದು ಸಲ ನಾನು ಅವಳ ಕುತ್ತಿಗೆಗೆ ಜೋತುಬಿದ್ದು ಅಕ್ಕಾ ಎಂದುಬಿಟ್ಟೆ. ಬೈಗುಳ ತಿಂದವಳು ಅವಳು, ಮಗುವಿಗೆ ವರಸೆ ತಪ್ಪಿಸುತ್ತಿದ್ದಾಳೆ ಎಂದು.

ಹೊಸ ವರ್ಷದ ಹಬ್ಬದಲ್ಲಿ ಹಿರಿಯರು ಕಿರಿಯರಿಗೆ ಕೆಂಪು ಲಕೋಟೆ ಕೊಡಬೇಕು. ಐದು ವರ್ಷದ ನಾನು ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಇಪ್ಪತ್ತು ವರ್ಷದ ಲುವಾ ಎದೆಗೆ ಕೈಕಟ್ಟಿ ತಲೆಬಾಗಿಸಿ, ಅಕ್ಕನಿಗೆ ಈ ವರ್ಷ ಒಳ್ಳೆಯ ಬುದ್ಧಿ ಬರಲಿ ಎಂದು ಹಾರೈಸುತ್ತಿದ್ದಳು. ನಾನು ಗಂಭೀರವಾಗಿ ಲಕೋಟೆ ಕೊಡುತ್ತಿದ್ದೆ. ಅದರೊಳಗಿನ ನೋಟು ಹಿಂದಿನ ದಿನ ಅವಳೇ ನನ್ನ ಜೇಬಿಗೆ ತುರುಕಿದ್ದು. ನನಗೆ ಸಂಬಳ ಬರುವವರೆಗೂ ಇದೇ ನಡೆಯಿತು.

ನಮ್ಮದು ಜೊಂಡಿನ ಚಾಪೆ ನೇಯುವ ಊರು. ಚಾಪೆಯ ಮಗ್ಗಕ್ಕೆ ಇಬ್ಬರು ಬೇಕು. ಒಬ್ಬರು ಮಗ್ಗದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಭಾರದ ಹಲಗೆಯನ್ನು ಎಳೆದು ಬಡಿಯಬೇಕು. ಇನ್ನೊಬ್ಬರು ಪಕ್ಕದಲ್ಲಿ ಕೂತು ಉದ್ದದ ಬಿದಿರುಕಡ್ಡಿಯ ತುದಿಗೆ ಜೊಂಡಿನ ಎಳೆ ಸಿಕ್ಕಿಸಿ ಸೆಣಬಿನ ನೂಲುಗಳ ನಡುವೆ ತೂರಿಸಬೇಕು. ಬಡಿಯುವುದು ಲುವಾ, ತೂರಿಸುವುದು ನಾನು. ಆರು ವರ್ಷಕ್ಕೇ ನನ್ನನ್ನು ಮಗ್ಗಕ್ಕೆ ಕೂರಿಸಿದ್ದಳು. ನಾನು ತಡಮಾಡಿದರೆ ಹಲಗೆಯನ್ನು ಕೈಯಲ್ಲೇ ಎತ್ತಿ ಹಿಡಿದು ಕಾಯುತ್ತಿದ್ದಳೇ ಹೊರತು ನನ್ನ ಬೆರಳ ಮೇಲೆ ಎಂದೂ ಬಿಡಲಿಲ್ಲ. ಊರಲ್ಲಿ ಮದುವೆಯ ಚಾಪೆ ಎಂದರೆ ಲುವಾಳದ್ದೇ. ಅಂಚಿಗೆ ಕೆಂಪು, ನಡುವೆ ಜೋಡಿ ಹಕ್ಕಿ. ಮದುಮಕ್ಕಳ ಮಂಚದ ಮೇಲೆ ಆ ಚಾಪೆ ಹಾಸಬೇಕಾದವಳು ಮಾತ್ರ ಗಂಡ, ಮಕ್ಕಳು, ಮೊಮ್ಮಕ್ಕಳು ತುಂಬಿರುವ ಹೆಂಗಸು. ಲುವಾ ಮದುವೆಯಾಗಲಿಲ್ಲ. "ಊರಿನ ಅರ್ಧ ಮಕ್ಳು ನನ್ ಚಾಪೆ ಮೇಲೇ ಹುಟ್ಟಿದಾವೆ. ಹಾಸಕ್ಕೆ ಮಾತ್ರ ನನ್ ಕೈ ಆಗಲ್ಲ" ಎಂದು ತಾನೇ ಮೊದಲು ನಗುತ್ತಿದ್ದಳು, ಬೇರೆಯವರು ನಗುವ ಮೊದಲು.

ಅವಳೇಕೆ ಮದುವೆಯಾಗಲಿಲ್ಲ ಎಂದು ನಾನು ಕೇಳಿದ್ದು ಒಂದೇ ಸಲ, ಹನ್ನೆರಡು ವರ್ಷದವಳಿದ್ದಾಗ. ಗಂಡಿನ ಕಡೆಯವರು ಬೇಡ ಅಂದರು ಎಂದಳು. ನಾನು ಒಪ್ಪಿಕೊಂಡೆ. ಇದ್ದದ್ದು ಇದ್ದ ಹಾಗೇ ಹೇಳುತ್ತೇನೆ, ಆ ವಯಸ್ಸಿನಲ್ಲಿ ನನಗೆ ಅದರಿಂದ ಸಂತೋಷವೇ ಆಯಿತು. ಬೇಡ ಅಂದಿದ್ದಕ್ಕೇ ಅಲ್ಲವೇ ಅವಳು ನನ್ನ ಜೊತೆ ಉಳಿದದ್ದು?

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಹೇಳದಿದ್ದರೆ ನನ್ನನ್ನು ಒಳ್ಳೆಯವಳು ಎಂದುಕೊಂಡೀರಿ. ಹೈಸ್ಕೂಲಿಗೆ ನಾನು ಪಟ್ಟಣದಲ್ಲಿ ಉಳಿದುಕೊಂಡಿದ್ದೆ. ಲುವಾ ತಿಂಗಳಿಗೊಮ್ಮೆ ಸೈಕಲ್ ಮೇಲೆ ಅಕ್ಕಿಚೀಲ ಕಟ್ಟಿಕೊಂಡು ಮೂವತ್ತು ಕಿಲೋಮೀಟರ್ ತುಳಿದು ಬರುತ್ತಿದ್ದಳು. ಒಮ್ಮೆ ಗೇಟಿನ ಬಳಿ ನಿಂತು ಎಲ್ಲರೆದುರು "ಅಕ್ಕಾ" ಎಂದು ಕೂಗಿದಳು. ಮೂವತ್ತು ದಾಟಿದ, ಬಿಸಿಲಿಗೆ ಕರಟಿದ ಹೆಂಗಸು ಹದಿನಾರರ ಹುಡುಗಿಯನ್ನು ಅಕ್ಕ ಎನ್ನುವುದನ್ನು ಕೇಳಿ ಪಟ್ಟಣದ ಹುಡುಗಿಯರು ಕಿಸಕ್ಕನೆ ನಕ್ಕರು. ನಾನು ಅವಳನ್ನು ಮೂಲೆಗೆ ಎಳೆದುಕೊಂಡು ಹೋಗಿ, ಇನ್ನು ಮುಂದೆ ಇಲ್ಲಿ ಹಾಗೆ ಕರೆಯಬೇಡ ಎಂದು ಹಲ್ಲು ಕಚ್ಚಿ ಹೇಳಿದೆ. ಮುಂದಿನ ತಿಂಗಳು ಸಂಜೆ ಗೇಟಿನ ಹತ್ತಿರ ಹೋದರೆ ಅವಳು ಸೈಕಲ್ ಹಿಡಿದುಕೊಂಡು ನಿಂತಿದ್ದಾಳೆ. ಮಧ್ಯಾಹ್ನದಿಂದ ನಿಂತಿದ್ದಳಂತೆ. ಯಾಕೆ ಕೂಗಲಿಲ್ಲ ಎಂದು ರೇಗಿದೆ.

"ಹೆಸರು ಹಿಡ್ದು ಕರೆಯೋ ಹಾಗಿಲ್ಲ. ಅಕ್ಕ ಅನ್ಬೇಡ ಅಂದಿದೀಯ. ಏನಂತ ಕರೀಲಿ, ಹೇಳು?"

ಅದನ್ನು ಕೋಪದಿಂದ ಹೇಳಿದ್ದರೆ ನನಗೆ ಎಷ್ಟೋ ವಾಸಿ ಇತ್ತು. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ಮುಂದೆ ನಾನು ಟೀಚರಾಗಿ ಊರಿನ ಶಾಲೆಗೇ ಬಂದೆ. ಮದುವೆಯಾಯಿತು, ಥಾವೊ ಹುಟ್ಟಿದಳು. ಅವಳನ್ನೂ ಬೆಳೆಸಿದವಳು ಲುವಾ. ಥಾವೊಗೆ ಅವಳು ಚಿಕ್ಕಮ್ಮ. ಆ ಮಗುವಿಗೆ ನನ್ನ ಕೈತುತ್ತು ಸೇರುತ್ತಿರಲಿಲ್ಲ, ಚಿಕ್ಕಮ್ಮನ ಬೆರಳಿಗೆ ಅಂಟಿದ ಅನ್ನವೇ ಬೇಕು. ನನ್ನ ಗಂಡ ಲಾರಿ ಓಡಿಸುವವನು, ಊರಲ್ಲಿರುವುದು ಕಡಿಮೆ, ಹಾಗಾಗಿ ನಾನು ಅಪ್ಪನ ಮನೆಯಲ್ಲೇ ಉಳಿದೆ. ಎರಡು ಮನೆಯ ಹಿರಿಯರೆಲ್ಲ ಒಬ್ಬೊಬ್ಬರಾಗಿ ಪಿತೃಪೂಜೆಯ ಪೀಠದ ಮೇಲಿನ ಫೋಟೊಗಳಾದರು. ಊದುಬತ್ತಿ ಹಚ್ಚುವವಳು ಲುವಾ. ಯಾರ ತಿಥಿ ಯಾವತ್ತು, ಯಾರಿಗೆ ಮೀನು ಇಷ್ಟ, ಯಾರಿಗೆ ಬರೀ ಅನ್ನ, ಎಲ್ಲ ಅವಳ ನಾಲಗೆಯ ತುದಿಯಲ್ಲಿತ್ತು.

ಹೋದ ವರ್ಷ ಬೇಸಗೆಯ ಕೊನೆಗೆ ಅವಳಿಗೆ ಊಟ ಇಳಿಯದಾಯಿತು. ಹೊಟ್ಟೆಯಲ್ಲಿ ಗಡ್ಡೆ. ಜಿಲ್ಲಾಸ್ಪತ್ರೆಯಲ್ಲಿ ಎರಡು ವಾರ ಇಟ್ಟುಕೊಂಡು, ಮನೆಗೆ ಕರಕೊಂಡು ಹೋಗಿ, ಆಸೆಪಟ್ಟದ್ದು ಕೊಡಿ ಎಂದರು. ಥಾವೊಳ ಮದುವೆ ಹತ್ತನೇ ತಿಂಗಳಿಗೆ ನಿಶ್ಚಯವಾಗಿತ್ತು. ಖಾಂಗ್ ದೊಡ್ಡಪ್ಪ ಕೋಲೂರಿಕೊಂಡು ಬಂದರು. ತೊಂಬತ್ತಕ್ಕೆ ಹತ್ತಿರದ ಮನುಷ್ಯ. ಲುವಾಳನ್ನು ಬಾಗಿಲಿನಿಂದಲೇ ನೋಡಿ ಬಂದು, ಚಹಾ ಕುಡಿದು, ಮದುವೆಯನ್ನು ಒಂದು ತಿಂಗಳು ಮೊದಲೇ ಮುಗಿಸಿಕೊಂಡರೆ ಒಳ್ಳೆಯದು, ಸಾವಾದ ಮನೆಯಿಂದ ಹೆಣ್ಣು ಹೊರಡುವ ಹಾಗಿಲ್ಲ ಎಂದರು. ಪಕ್ಕದಲ್ಲಿ ನನ್ನ ಸೋದರತ್ತೆ ಮುಯ್ ಕೂತು ಎಲೆಅಡಿಕೆ ಕುಟ್ಟುತ್ತಿದ್ದಳು. ಮುಯ್ ಅತ್ತೆಯ ಬಾಯಿಗೆ ಬೀಗವಿಲ್ಲವೆಂಬುದು ಊರಿಗೇ ಗೊತ್ತು.

"ಈ ಸಲನಾದ್ರೂ ಮೊದ್ಲು ಇವಳ ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಗಂಡಿನೋರ್ನ ಕರೀರಿ" ಎಂದು ನನ್ನತ್ತ ಗಲ್ಲ ತೋರಿಸಿ ನಕ್ಕಳು.

ನಗು ತಟ್ಟನೆ ನಿಂತಿತು. ದೊಡ್ಡಪ್ಪ ಅವಳನ್ನು ನೋಡಿದ ರೀತಿಗೆ ಕುಟ್ಟಾಣಿಯೂ ನಿಂತಿತು. ಇಬ್ಬರೂ ಏನೂ ಆಗದವರಂತೆ ಚಹಾದ ಲೋಟ ಎತ್ತಿಕೊಂಡರು. ನಾನು ಬಿಡಲಿಲ್ಲ. ಅತ್ತೆಯನ್ನು ಅವಳ ಮನೆಯವರೆಗೆ ಬಿಟ್ಟುಬರುವ ನೆಪದಲ್ಲಿ ಹೊರಟು, ಕೊಳದ ಮೆಟ್ಟಿಲ ಮೇಲೆ ಕೂರಿಸಿ ಕೇಳಿದೆ. ಮೂವತ್ತೇಳು ವರ್ಷ ಊರೆಲ್ಲ ಬಚ್ಚಿಟ್ಟಿದ್ದನ್ನು ಆ ಹಾಳು ಮೆಟ್ಟಿಲ ಮೇಲೆ ಕೇಳಿಸಿಕೊಂಡೆ.

ದೊವಾನ್ ಚಿಕ್ಕಪ್ಪ ಸತ್ತ ದಿನ ನನಗೆ ನೆನಪಿದೆ. ಏಳು ವರ್ಷ ನನಗೆ. ಮನೆಯಲ್ಲಿ ಕೆಂಪು ಕಾಗದ ಅಂಟಿಸಿದ್ದರು. ಚಿಕ್ಕಪ್ಪ ಮಲಗಿದ್ದಾನೆ, ಎಬ್ಬಿಸಬೇಡ ಎಂದಿದ್ದರು. ಬೇಯಿಸಿದ ಗೆಣಸು ಸಿಕ್ಕಿದಾಗಲೆಲ್ಲ ಅರ್ಧ ಅವನಿಗೆ, ಅರ್ಧ ನನಗೆ ಎಂಬುದು ನಮ್ಮಿಬ್ಬರ ಒಪ್ಪಂದ. ಪರದೆ ಸರಿಸಿ ಒಳಗೆ ಹೋಗಿ ಅವನ ಕೈಗೆ ಗೆಣಸಿನ ಅರ್ಧ ಇಟ್ಟೆ. ಬೆರಳು ಮುಚ್ಚಲಿಲ್ಲ. ಕೈ ತೊಟ್ಟಿಯ ನೀರಿನಷ್ಟು ತಣ್ಣಗಿತ್ತು. ನಾನು ಕಿರುಚಿ ಅತ್ತೆ. ಅಡಿಕೆ ಸುಣ್ಣದ ವಾಸನೆಯ ಕೈಯೊಂದು ಬಂದು ನನ್ನ ಬಾಯಿ ಮುಚ್ಚಿತು. ಅದನ್ನು ಕಚ್ಚಿ ಇನ್ನೂ ಜೋರಾಗಿ ಅತ್ತೆ. ನನಗೆ ನೆನಪಿದ್ದದ್ದು ಇಷ್ಟೇ. ಕೆಂಪು ಕಾಗದ ಯಾತಕ್ಕೆಂದು ನಾನು ಯೋಚಿಸಿರಲೇ ಇಲ್ಲ.

ಅದು ಲುವಾಳ ಮದುವೆಗೆ. ಹುಡುಗನ ಹೆಸರು ಬಿನ್, ಏರಿಯ ಆಚೆಯ ಊರಿನವನು. ತಂದೆ ಸತ್ತರೆ ಮಗಳು ಮೂರು ವರ್ಷ ಮದುವೆಯಾಗುವ ಹಾಗಿಲ್ಲ. ಆದರೆ ನಮ್ಮಲ್ಲಿ ಸೂತಕ ಹಿಡಿಯುವುದು ಉಸಿರು ನಿಂತಾಗ ಅಲ್ಲ, ಮನೆಯವರು ತಲೆಗೆ ಬಿಳಿ ಪಟ್ಟಿ ಕಟ್ಟಿ ಅಳುವುದಕ್ಕೆ ಶುರುಮಾಡಿದಾಗ. ಅಲ್ಲಿಯವರೆಗೆ ಸತ್ತವರನ್ನು ಪರದೆಯ ಹಿಂದೆ ಮಲಗಿಸಿ, ತುಟಿಕಚ್ಚಿ ಮದುವೆ ಮುಗಿಸಿಬಿಡಬಹುದು. ಚಿಕ್ಕಪ್ಪ ಬೆಳಗಿನ ಜಾವ ಹೋದ. ಖಾಂಗ್ ದೊಡ್ಡಪ್ಪ ಗಂಡಿನ ಮನೆಗೆ ಆಳು ಓಡಿಸಿ ಮಧ್ಯಾಹ್ನದೊಳಗೆ ಬನ್ನಿ ಎಂದರು. ಅವರಿಗೂ ವಿಷಯ ಗೊತ್ತು, ಒಪ್ಪಿದ್ದರು. ಒಂದೇ ಷರತ್ತು, ಹೆಣ್ಣು ಗೇಟು ದಾಟುವವರೆಗೆ ಅಳು ಕೇಳಿಸಬಾರದು. ಲುವಾ ಕೆಂಪು ಬಟ್ಟೆ ಉಟ್ಟು ತಯಾರಾಗಿ ಕೂತಿದ್ದಳು. ದಿಬ್ಬಣ ಕೊಳದ ಹತ್ತಿರ ಬಂದಿತ್ತು, ಎಲೆಅಡಿಕೆಯ ತಟ್ಟೆ ಹೊತ್ತವರು ಮುಂದೆ. ಆಗಲೇ ನಾನು ಕಿರುಚಿದ್ದು. ನನ್ನ ಅಳು ಕೇಳಿ ಲುವಾಳ ಅಮ್ಮನಿಗೂ ತಡೆಯಲಾಗಲಿಲ್ಲ, ಅವಳೂ ಶುರುಮಾಡಿದಳು. ಹುಡುಗನ ತಾಯಿ ಕೊಳದ ದಂಡೆಯಲ್ಲೇ ತಟ್ಟೆಯನ್ನು ಹಿಂದಕ್ಕೆ ತಿರುಗಿಸಿದಳಂತೆ. ಬಿನ್ ಎಲ್ಲರೂ ಹೋದಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದನಂತೆ. ಮೂರು ವರ್ಷ ಕಾಯುವವರು ಯಾರು? ಮರುವರ್ಷ ಅವನಿಗೆ ಬೇರೆ ಹೆಣ್ಣು ತಂದರು.

"ಲುವಾ ನಮ್ಗೆಲ್ಲ ಆಣೆ ಹಾಕ್ಸಿದ್ಳು ಕಣೆ" ಎಂದಳು ಅತ್ತೆ. "ಆ ಮಗೂಗೆ ಯಾರಾದ್ರೂ ಹೇಳಿದ್ರೆ ಅವರ ಮನೆ ಮದುವೆಗೆ ನಾನು ಚಾಪೆ ನೇಯಲ್ಲ ಅಂದ್ಳು. ಅವಳ ಚಾಪೆ ಇಲ್ದೆ ಯಾರ ಮನೇಲಿ ಮದುವೆ ಆಗತ್ತೆ ಹೇಳು, ಈ ಊರಲ್ಲಿ?"

ನಾನು ಮನೆಗೆ ಹೋಗಲಿಲ್ಲ. ಶಾಲೆಗೂ ಹೋಗಲಿಲ್ಲ. ಏರಿಯ ಮೇಲೆ ಕತ್ತಲಾಗುವವರೆಗೆ ನಡೆದೆ. ನಲವತ್ತನಾಲ್ಕು ವರ್ಷದ ಹೆಂಗಸು, ಮಕ್ಕಳಿಗೆ ಮಗ್ಗಿ ಹೇಳಿಕೊಡುವವಳು, ನನ್ನದೇ ಲೆಕ್ಕ ನನಗೆ ತಿಳಿದಿರಲಿಲ್ಲ. ಅವಳ ಗಂಡನನ್ನು, ಹುಟ್ಟಬೇಕಾಗಿದ್ದ ಮಕ್ಕಳನ್ನು, ಅವಳ ಕೈ ಹಾಸಬಹುದಾಗಿದ್ದ ಚಾಪೆಗಳನ್ನು ನಾನು ಒಂದು ಕೂಗಿನಲ್ಲಿ ಕಿತ್ತುಕೊಂಡಿದ್ದೆ. ಆಮೇಲೆ ಅವಳ ಬೆನ್ನಮೇಲೆ ಕೂತು ಸವಾರಿ ಮಾಡಿದ್ದೆ. ಅಕ್ಕ ಎನ್ನಬೇಡ ಎಂದೂ ಹೇಳಿದ್ದೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಲುವಾ ಆ ದಿನಗಳಲ್ಲಿ ಹಟಹಿಡಿದು ಥಾವೊಳ ಮದುವೆಯ ಚಾಪೆ ಮುಗಿಸುತ್ತಿದ್ದಳು. ಹಲಗೆ ಬಡಿಯುವ ಶಕ್ತಿ ತೋಳಲ್ಲಿ ಉಳಿದಿರಲಿಲ್ಲ. ಹಾಗಾಗಿ ಜಾಗ ಬದಲಾಯಿತು. ಮೊದಲ ಸಲ ನಾನು ಬಡಿಯುವವಳು, ಅವಳು ಪಕ್ಕದಲ್ಲಿ ದಿಂಬಿಗೆ ಒರಗಿ ಜೊಂಡು ತೂರಿಸುವವಳು. ಮರುದಿನ ನಾವು ಹಾಗೆ ಕೂತಾಗ ನಾನು ಹಲಗೆಯನ್ನು ಅರ್ಧಕ್ಕೇ ನಿಲ್ಲಿಸಿ, ಮುಯ್ ಅತ್ತೆ ಎಲ್ಲ ಹೇಳಿದಳು ಎಂದೆ.

ಅವಳು ಕಡ್ಡಿಯನ್ನು ಹೊರಗೆಳೆದು ಮಡಿಲಲ್ಲಿ ಇಟ್ಟುಕೊಂಡಳು.

"ಆ ಮುದುಕಿಗೆ ಇನ್ನೊಂದೆರಡು ತಿಂಗಳು ಬಾಯಿ ಮುಚ್ಕೊಂಡಿರಕ್ಕೆ ಆಗ್ಲಿಲ್ವಾ?"

ನಾನು ಅಳುತ್ತಾ, ಯಾಕೆ ನನ್ನನ್ನು ಬೈಯಲಿಲ್ಲ, ಒಂದು ಸಲವಾದರೂ ಯಾಕೆ ಹೊಡೆಯಲಿಲ್ಲ ಎಂದು ಕೇಳಿದೆ. ಅವಳು ಚಾಪೆಯ ಅಂಚಿನ ನಾರು ಸರಿಮಾಡಿದಳು.

"ಅಕ್ಕ, ಅವತ್ತು ನಾನು ಅಲ್ಲಿ ಕೆಂಪು ಬಟ್ಟೆ ಉಟ್ಕೊಂಡು ಕೂತಿದ್ದೆ. ಒಳಗೆ ನಮ್ಮಪ್ಪ ಸತ್ತು ಬಿದ್ದಿದ್ದ. ಅಳಬೇಡ ಅಂತ ಎಲ್ಲರೂ ಕಣ್ಣಲ್ಲೇ ಹೆದರಿಸ್ತಿದ್ರು. ನಾನು ಅಳ್ಲಿಲ್ಲ. ಮುಖಕ್ಕೆ ಪೌಡರ್ ಹಚ್ಚಿದ್ರು, ಹಚ್ಚಿಸ್ಕೊಂಡೆ. ನೀನು ಕಿರುಚಿದ್ಯಲ್ಲ, ಆಗ ನನ್ ಎದೆ ಮೇಲಿಂದ ಕಲ್ಲು ಎತ್ತಿದ ಹಾಗಾಯ್ತು. ನಮ್ಮಪ್ಪಂಗೆ ಅಂತ ಒಬ್ರಾದ್ರೂ ಬಾಯ್ಬಿಟ್ಟು ಅತ್ತರಲ್ಲ ಅನ್ನಿಸ್ತು. ನಿನ್ನ ಹೊಡೀಲಾ ನಾನು?"

"ಬಿನ್?" ಎಂದೆ.

"ಒಳ್ಳೆಯವ್ನು. ಹಲ್ಲು ಸ್ವಲ್ಪ ಉಬ್ಬು." ನಕ್ಕಳು, ನಗು ಕೆಮ್ಮಾಯಿತು. ಆಮೇಲೆ ಮೆಲ್ಲಗೆ, "ಬೇಜಾರಾಗಿತ್ತು, ಅಕ್ಕ. ಇಲ್ಲ ಅನ್ನಲ್ಲ. ಕೆಲವು ವರ್ಷ ತುಂಬಾ ಬೇಜಾರಾಗಿತ್ತು" ಎಂದಳು.

ಆ ಒಂದು ಮಾತನ್ನು ಅವಳು ಹೇಳದೆ ಇದ್ದಿದ್ದರೆ ನಾನು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಹೇಳಿದ್ದು ಒಳ್ಳೆಯದಾಯಿತು. ಜೀವಮಾನವಿಡೀ ನನ್ನ ಮುಂದೆ ನಕ್ಕವಳು ಅವತ್ತು ಒಂದು ನಿಮಿಷ ನನಗೆ ತನ್ನನ್ನು ತೋರಿಸಿದಳು.

ಆಮೇಲೆ ಅವಳು ನನ್ನಿಂದ ಮಾತು ತೆಗೆದುಕೊಂಡಳು. ಮದುವೆಗೆ ಮೊದಲೋ, ಮದುವೆಯ ದಿನವೋ ತಾನು ಹೋದರೆ ಯಾರಿಗೂ ತಿಳಿಯಬಾರದು. ಥಾವೊ ಗೇಟು ದಾಟಬೇಕು. "ನನ್ ದಿಬ್ಬಣ ಕೊಳದ ಹತ್ರ ನಿಂತ್ಹೋಯ್ತು. ಅವಳದ್ದು ನಿಲ್ಲಬಾರದು. ಅಕ್ಕ, ನೀನು ಅಳೋದ್ರಲ್ಲಿ ಗಟ್ಟಿಗಿತ್ತಿ ಅಂತ ಗೊತ್ತು. ಆ ಒಂದು ದಿನ ತಡ್ಕೊ. ಆಮೇಲೆ ಊರು ಕಿತ್ಹೋಗೋ ಹಾಗೆ ಅಳು, ಯಾರು ಬೇಡ ಅಂತಾರೆ?" ನಾನು ಆಗಲಿ ಎಂದೆ. ಹಲಗೆ ಎಳೆದು ಬಡಿದೆ. ಅವಳು ಮುಂದಿನ ಎಳೆ ತೂರಿಸಿದಳು.

ಮದುವೆಯನ್ನು ಒಂಬತ್ತನೇ ತಿಂಗಳ ಹನ್ನೆರಡಕ್ಕೆ ತಂದರು. ಚಿಕ್ಕಮ್ಮ ಹೀಗಿರುವಾಗ ಮದುವೆ ಬೇಡ ಎಂದು ಥಾವೊ ಹಟಮಾಡಿದಳು. ಲುವಾ ಅವಳನ್ನು ಬಾಯಿಗೆ ಬಂದಂತೆ ಬೈದು ಒಪ್ಪಿಸಿದಳು. ಚಾಪೆ ಮುಗಿಯಿತು, ಎರಡು, ಒಂದರ ಮುಖಕ್ಕೆ ಒಂದರ ಮುಖವಿಟ್ಟು ಕೆಂಪು ದಾರ ಕಟ್ಟಿದ್ದಾಯಿತು. ಅದಾದಮೇಲೆ ಅವಳು ಎದ್ದು ಕೂರಲಿಲ್ಲ.

ಹನ್ನೆರಡರ ಬೆಳಿಗ್ಗೆ, ಕೋಳಿ ಕೂಗಿದ ಮೇಲೆ, ಕೋಣೆಗೆ ಗಂಜಿನೀರು ತೆಗೆದುಕೊಂಡು ಹೋದೆ. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು, ಗಂಟೆ ಎಷ್ಟು ಎಂದಳು. ಐದೂವರೆ ಎಂದೆ. ಅವರು ಎಷ್ಟಕ್ಕೆ ಬರುತ್ತಾರೆ ಎಂದಳು. ಒಂಬತ್ತಕ್ಕೆ ಎಂದೆ. ಇನ್ನೂ ಅಷ್ಟೊಂದು ಹೊತ್ತಿದೆಯಾ ಎನ್ನುವವಳ ಹಾಗೆ ತುಟಿ ಓರೆಮಾಡಿದಳು. ನಾನು ಚಮಚ ತುಂಬಿಸಿ ತಿರುಗುವುದರೊಳಗೆ ಹೋಗಿಬಿಟ್ಟಿದ್ದಳು.

ಚಮಚದ ನೀರನ್ನು ಬಟ್ಟಲಿಗೆ ಮರಳಿ ಸುರಿದೆ. ಅವಳ ರೆಪ್ಪೆ ಮುಚ್ಚಿದೆ. ಕೂದಲು ಬಾಚಿದೆ. ಕೊರಳಿಗೆ ಸುತ್ತಿದ್ದ ವಸ್ತ್ರದ ಅಂಚನ್ನು ಹಲ್ಲುಗಳ ನಡುವೆ ಇಟ್ಟುಕೊಂಡೇ ಇದೆಲ್ಲವನ್ನೂ ಮಾಡಿದೆ. ಆಮೇಲೆ ಹೊರಗೆ ಬಂದು ಮುಯ್ ಅತ್ತೆಯನ್ನು, ಖಾಂಗ್ ದೊಡ್ಡಪ್ಪನನ್ನು ಕರೆಸಿದೆ. ಗಂಡನಿಗೂ ಹೇಳಲಿಲ್ಲ. ದೊಡ್ಡಪ್ಪ ಗಂಡಿನ ತಂದೆಗೆ ಮಾತ್ರ ಫೋನಿನಲ್ಲಿ ತಿಳಿಸಿದರು. ಆ ದೊಡ್ಡ ಮನುಷ್ಯ, ನನ್ನ ಹೆಂಡತಿಗೆ ಗೊತ್ತಾಗುವುದು ಬೇಡ, ಹೆಣ್ಣು ಗೇಟು ದಾಟಲಿ ಎಂದನಂತೆ.

ಒಂಬತ್ತಕ್ಕೆ ಅವರು ಬಂದರು. ನಾನು ಚಹಾ ಸುರಿದೆ, ಎಲೆಅಡಿಕೆ ಹಂಚಿದೆ, ಬೀಗಿತ್ತಿಯ ಕೈಹಿಡಿದು ದಾರಿ ಚೆನ್ನಾಗಿತ್ತಾ ಎಂದು ಕೇಳಿದೆ. ಯಾರೋ ಫೋಟೊಗೆ ನಗಿ ಎಂದರು, ನಕ್ಕೆ. ಆ ಫೋಟೊ ಈಗಲೂ ಇದೆ, ನಾನು ನೋಡುವುದಿಲ್ಲ. ಪೀಠದ ಮುಂದೆ ಮದುಮಕ್ಕಳು ಊದುಬತ್ತಿ ಹಚ್ಚಿದರು. ಇನ್ನೇನು ಹೊರಡಬೇಕು, ಆಗ ಥಾವೊ ಕೆಂಪು ಉಡುಪಿನಲ್ಲಿ ಸೀದಾ ಒಳಕೋಣೆಯ ಪರದೆಯ ಬಳಿಗೆ ನಡೆದಳು. ನಾನು ಅವಳಿಗಿಂತ ಮೊದಲು ಅಲ್ಲಿ ಹೋಗಿ ನಿಂತೆ.

"ಅಮ್ಮ, ಚಿಕ್ಕಮ್ಮಂಗೆ ಹೇಳಿ ಹೊರಡ್ತೀನಿ."

"ಮಲಗಿದಾಳೆ" ಎಂದೆ. "ಈಗಷ್ಟೇ ನಿದ್ದೆ ಹತ್ತಿದೆ. ಎಬ್ಬಿಸ್ಬೇಡ."

ನನ್ನ ಬಾಯಿಂದ ಬಂದ ಮಾತು ನನ್ನ ಕಿವಿಗೇ ಬಿತ್ತು. ಏಳು ವರ್ಷದ ನನಗೆ ಹೇಳಿದ್ದು ಇದೇ ಮಾತು. ಥಾವೊ ಪರದೆಗೆ ಕೈಹಾಕಿದ್ದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಅವಳು ನನ್ನ ಮುಖ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ಅವಳು ಕೈ ಇಳಿಸಿ, ಎದೆಗೆ ಕೈಕಟ್ಟಿ, ಪರದೆಗೆ ತಲೆಬಾಗಿಸಿ, "ಚಿಕ್ಕಮ್ಮ, ನಾನು ಹೊರಟೆ" ಎಂದಳು. ಧ್ವನಿ ಸ್ವಲ್ಪವೂ ನಡುಗಲಿಲ್ಲ. ಮೂರು ದಿನದ ಮೇಲೆ ಅವಳು ನನಗೆ ಹೇಳಿದ್ದು, ಆಗಲೇ ಗೊತ್ತಾಗಿತ್ತು ಅಂತ. ಕೋಳಿ ಕೂಗಿದ ಮೇಲೆ ಚಿಕ್ಕಮ್ಮ ಯಾವತ್ತು ಮಲಗಿದ್ದಳು ಎಂದು ಕೇಳಿದಳು.

ಹೆತ್ತವಳು ಗಂಡಿನ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ನಾನು ಜಗುಲಿಯಲ್ಲೇ ನಿಂತೆ. ಮಗಳನ್ನು ಕಳಿಸುವಾಗ ತಾಯಿ ಅಳುವುದಕ್ಕೆ ಅಡ್ಡಿಯೇನಿಲ್ಲ, ಎಲ್ಲರೂ ಅಳುತ್ತಾರೆ. ಆದರೆ ಮದುವೆಯ ಅಳುವಿಗೂ ಸಾವಿನ ಅಳುವಿಗೂ ಇರುವ ವ್ಯತ್ಯಾಸ ನಮ್ಮೂರಿನ ನಾಯಿಗೂ ಗೊತ್ತು. ನಾನು ಶುರುಮಾಡಿದರೆ ಯಾವುದು ಹೊರಬರುತ್ತದೆ ಎಂದು ನನಗೂ ಗೊತ್ತಿತ್ತು. ಹಾಗಾಗಿ ಒಣಗಣ್ಣಿನಲ್ಲಿ ನಿಂತೆ. ಪಕ್ಕದ ಮನೆಯವಳು ಇನ್ನೊಬ್ಬಳ ಕಿವಿಯಲ್ಲಿ, ಇರೋದು ಒಬ್ಬಳೇ ಮಗಳು, ಒಂದು ಹನಿ ನೀರಿಲ್ಲ ನೋಡು, ಕಲ್ಲು ಎಂದದ್ದು ಕೇಳಿಸಿತು. ಬೀಗಿತ್ತಿ ಮಾತ್ರ ಧೈರ್ಯವಂತೆ ಎಂದು ಹೊಗಳಿದಳು.

ಜೋಡಿ ಚಾಪೆ ಹೊತ್ತವನು ಮುಂದೆ ಹೋದ. ಥಾವೊ ಅಂಗಳ ದಾಟಿದಳು. ತೊಟ್ಟಿ ದಾಟಿದಳು. ಗೇಟು ದಾಟಿದಳು. ನಾನು ಹೆಜ್ಜೆ ಎಣಿಸುತ್ತಿದ್ದೆ. ದಿಬ್ಬಣ ಕೊಳದ ದಂಡೆಗೆ ಬಂದಾಗ ಕಾರಿಗೆ ಜಾಗ ಸಾಲದೆ ಒಂದು ಗಳಿಗೆ ನಿಂತಿತು. ಆಮೇಲೆ ಹೊರಟಿತು. ಏರಿಯ ಮೇಲೆ ಕೊನೆಯ ಮೋಟಾರ್‌ಬೈಕು ಕಣ್ಮರೆಯಾಗುವವರೆಗೆ ಖಾಂಗ್ ದೊಡ್ಡಪ್ಪ ಕೋಲಿನ ಮೇಲೆ ಎರಡೂ ಕೈ ಇಟ್ಟು ನೋಡುತ್ತಿದ್ದರು. ಆಮೇಲೆ ಗೇಟಿನ ಕೆಂಪು ಕಾಗದ ಕಿತ್ತು ಮಡಿಚಿ ಜೇಬಿಗೆ ಹಾಕಿಕೊಂಡು, "ಈಗ ಆಯ್ತು" ಎಂದರು.

ಬಿಳಿ ಬಟ್ಟೆ ಹರಿದು ಕಿರಿಯರಿಗೆಲ್ಲ ತಲೆಗೆ ಪಟ್ಟಿ ಕಟ್ಟಿದರು. ನಾನೂ ತಲೆ ಒಡ್ಡಿದೆ. ತಂಗಿಯ ಸಾವಿಗೆ ಅಕ್ಕ ಪಟ್ಟಿ ಕಟ್ಟಿಕೊಳ್ಳುವ ಹಾಗಿಲ್ಲ, ಕಾಲಿಗೆ ಬೀಳುವ ಹಾಗೂ ಇಲ್ಲ ಎಂದರು ದೊಡ್ಡಪ್ಪ. ಹೇಳುವುದು ಅವರ ಕೆಲಸ, ಹೇಳಿದರು. ನಾನು ಒಳಗೆ ಹೋಗಿ ಲುವಾಳ ಪಾದದ ಮೇಲೆ ಬಿದ್ದೆ. ನಲವತ್ತು ವರ್ಷ ಜೊಂಡಿನ ಮಗ್ಗದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಸೊಟ್ಟಗಾಗಿದ್ದ ಪಾದ. ಬೆಳಗಿನಿಂದ ತಡೆದಿಟ್ಟ ಅಳು ಅಲ್ಲಿ ಬಿಚ್ಚಿಕೊಂಡಿತು.

"ಅಕ್ಕಾ" ಎಂದು ಗೋಳಿಟ್ಟೆ. "ಅಕ್ಕಾ, ಏಳೇ ಅಕ್ಕಾ."

"ಹಿಯೆನ್" ಎಂದು ನನ್ನ ಹೆಸರು ಕರೆದರು ಬಾಗಿಲಲ್ಲಿ ನಿಂತ ದೊಡ್ಡಪ್ಪ, ಅಭ್ಯಾಸಬಲದಿಂದ. "ಅವಳು ನಿನಗೆ ತಂಗಿ ಕಣಮ್ಮ."

ನಾನು ಮತ್ತೆ ಅಕ್ಕಾ ಎಂದೆ, ಏಳು ವರ್ಷದವಳು ಕಿರುಚಿದ್ದಕ್ಕಿಂತ ಜೋರಾಗಿ. ದೊಡ್ಡಪ್ಪ ಬಾಗಿಲಿನಿಂದ ಹಿಂದೆ ಸರಿದರು. ಅಡಿಕೆ ಸುಣ್ಣದ ವಾಸನೆಯ ಕೈಯೊಂದು ಹಿಂದಿನಿಂದ ಬಂತು. ಬಂದು ನನ್ನ ಬೆನ್ನ ಮೇಲೆ ಕೂತಿತು. ಈ ಸಲ ಯಾರೂ ನನ್ನ ಬಾಯಿ ಮುಚ್ಚಲಿಲ್ಲ.